ನಡುಮನೆಯ ಸಮುದ್ರ

ಮುಳಬಾಗಿಲಿನಲ್ಲಿ ಸಮುದ್ರವಿದೆ ಎಂದು ಯಾರಾದರೂ ಹೇಳಿದರೆ ನೀವು ನಂಬುವುದಿಲ್ಲ. ನಮ್ಮತ್ತೆ ನಂಬಿದ್ದರು. ನಂಬಿಸಿದವಳು ನಾನು. ಆದ್ದರಿಂದ ಅದನ್ನು ಎಲ್ಲರೆದುರು ಒಪ್ಪಿಕೊಳ್ಳುವ ಪ್ರಾಯಶ್ಚಿತ್ತವೂ ನನ್ನ ಪಾಲಿಗೇ ಬಂದಿದೆ.

ಅದು ಮೂರಡಿ ಉದ್ದದ ಗಾಜಿನ ತೊಟ್ಟಿ. ನಮ್ಮ ನಡುಮನೆಯಲ್ಲಿ, ದೇವರ ಮನೆಯ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಗಟ್ಟಿ ಮೇಜಿನ ಮೇಲಿದೆ. ಒಳಗೆ ಉಪ್ಪುನೀರು, ಒರಟು ಕಲ್ಲು, ಎರಡು ಪುಟ್ಟ ಕಿತ್ತಳೆ ಮೀನು, ಕಲ್ಲಿನ ಮೇಲೆಲ್ಲ ಮೃದು ಹವಳ. ಹವಳವೆಂದರೆ ಉಂಗುರಕ್ಕೆ ಹಾಕಿಸುವ ಕೆಂಪು ಹರಳು ಎಂದುಕೊಂಡವರೇ ನಮ್ಮ ಕಡೆ ಹೆಚ್ಚು. ಇದು ಆ ಜಾತಿಯಲ್ಲ. ಮೈ ಮೆತ್ತಗೆ, ನೀರು ತೂಗಿದತ್ತ ತೂಗುತ್ತದೆ. ನೋಡಲು ಹೂವು, ಹುಟ್ಟಿನಲ್ಲಿ ಪ್ರಾಣಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಹವಳದ ಚಿತ್ರ ಬರೆದು, ಇದು ಪ್ರಾಣಿ, ಗಿಡವಲ್ಲ ಎಂದು ಗಂಟಲು ಹರಿದುಕೊಂಡವಳು ಒಂದೇ ಒಂದು ಹವಳವನ್ನೂ ಕಣ್ಣಾರೆ ಕಂಡಿರಲಿಲ್ಲ. ಕನ್ನಡಕ ಬದಲಿಸಲು ಕೋಲಾರಕ್ಕೆ ಹೋದಾಗ ಕಣ್ಣಿನ ಡಾಕ್ಟರ ಕೋಣೆಯಲ್ಲಿ ಅದು ಕಂಡಿತು. ಅಲ್ಲಿಂದ ಆರು ತಿಂಗಳು ಕಣ್ಣು ಸರಿಯಿದ್ದರೂ ತೋರಿಸಲು ಹೋಗುತ್ತಿದ್ದೆ. ಕೊನೆಗೆ ಡಾಕ್ಟರೇ ಬೇಸತ್ತು, ತಮ್ಮ ತೊಟ್ಟಿಯ ಹವಳಗಳನ್ನು ಕತ್ತರಿಸಿ, ತುಂಡುಗಳನ್ನು ಪುಟ್ಟ ಕಲ್ಲುಗಳಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಪಕ್ಕದ ಮನೆಯವರಿಗೆ ಕರಿಬೇವಿನ ಸಸಿ ಕೊಡುವ ಹಾಗೆ ಕೊಟ್ಟರು.

"ಮೇಡಂ, ಇವಕ್ಕೆ ಬೇಕಾಗಿರೋದು ಮೂರೇ. ಬೆಳಕು, ಒಳ್ಳೇ ನೀರು, ಆಮೇಲೆ ನೀವು ಕೈ ಹಾಕದೆ ಸುಮ್ನಿರೋದು," ಎಂದರು. ಅಂಗಿಯ ಗುಂಡಿಗಳಂತೆ ಗುಂಪಾಗಿ ಬೆಳೆಯುವ ಒಂದು ಬಗೆಯನ್ನು ತೋರಿಸಿ, "ಇದರಲ್ಲಿ ವಿಷ ಇರತ್ತೆ. ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡ್ರೆ ಆಗ ನಿಜವಾಗ್ಲೂ ನನ್ನ ಹತ್ರ ಬರಬೇಕಾಗತ್ತೆ," ಎಂದೂ ಸೇರಿಸಿದರು. ಮೊದಲೆರಡು ನನ್ನ ಕೈಲಾಗುವಂಥವು. ಮೂರನೆಯದು ನಮ್ಮ ವಂಶದಲ್ಲೇ ಇಲ್ಲ.

ತೊಟ್ಟಿ ಮನೆಗೆ ಬಂದ ದಿನ ಅತ್ತೆ ಕೋಲೂರಿಕೊಂಡು ಬಂದು ಅದರ ಸುತ್ತ ಒಂದು ಸುತ್ತು ಹಾಕಿದರು.

"ಇದು ಗಿಡವೋ, ಜೀವವೋ?"

"ಜೀವ, ಅತ್ತೆ."

"ಜೀವ ಅಂದ್ಮೇಲೆ ಒಂದಲ್ಲ ಒಂದಿನ ಸಾಯತ್ತೆ. ದೇವರ ಮನೆ ಎದುರಿಗೆ ಹೆಣ ಬೇಡ. ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ಇಟ್ಕೋ."

ಹಿತ್ತಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಅಲ್ಲಿಟ್ಟರೆ ಎರಡು ದಿನದಲ್ಲಿ ಹವಳದ ಸಾರು ಸಿದ್ಧ. ನನ್ನ ಬಾಯಿಗೆ ಆ ಗಳಿಗೆಯಲ್ಲಿ ಏನು ತೋಚಿತೋ ಅದನ್ನೇ ಹೇಳಿಬಿಟ್ಟೆ. "ಅತ್ತೆ, ಇದು ಸಮುದ್ರದ ನೀರು. ಸಮುದ್ರಾನ ಹಿತ್ತಲಲ್ಲಿ ಇಡೋಕಾಗತ್ತಾ?"

ನಿಜ ಏನೆಂದರೆ, ಅದು ನಮ್ಮ ಬೀದಿಯ ತುದಿಯ ಶುದ್ಧ ನೀರಿನ ಘಟಕದಿಂದ ಕ್ಯಾನುಗಳಲ್ಲಿ ಹಿಡಿದು ತಂದ ನೀರು. ಅದಕ್ಕೆ ಡಬ್ಬಿಯಲ್ಲಿ ಬರುವ ಸಮುದ್ರದ ಉಪ್ಪಿನ ಪುಡಿಯನ್ನು ಅಳೆದು ಕಲಸಿದ್ದೆ. ಆ ನೀರಿಗೆ ಸಮುದ್ರದ ದಿಕ್ಕೂ ಗೊತ್ತಿರಲಿಲ್ಲ. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು ಎರಡೂ ಕೈ ಮುಗಿದರು. ತೊಟ್ಟಿ ನಡುಮನೆಯಲ್ಲೇ ಉಳಿಯಿತು. ನಾನು ಗೆದ್ದೆನೆಂದು ಎರಡು ಲೋಟ ಕಾಫಿ ಕುಡಿದೆ.

ಮಾರನೆಯ ಬೆಳಿಗ್ಗೆ ತೋಳು ಮಡಿಸಿ ನೀರಿಗೆ ಕೈ ಹಾಕುತ್ತಿದ್ದೆ. ದೇವರ ಮನೆಯಲ್ಲಿ ಗಂಟೆಯ ಸದ್ದು ನಿಂತಿತು.

"ಏನೇ ಅದು? ಕೈ ತೆಗಿ."

"ಕಲ್ಲು ಸರಿ ಮಾಡ್ತಿದೀನಿ, ಅತ್ತೆ."

"ಅಶ್ವತ್ಥದ ಮರ ಶನಿವಾರ ಮಾತ್ರ ಮುಟ್ಟಬೇಕು. ಸಮುದ್ರ ಅಮಾವಾಸ್ಯೆ, ಹುಣ್ಣಿಮೆ ಮಾತ್ರ ಮುಟ್ಟಬೇಕು. ಮಿಕ್ಕ ದಿನ ನೋಡಿ ಕೈ ಮುಗಿಯೋದಷ್ಟೆ. ಪುರೋಹಿತರ ಹೆಂಡತಿ, ಇಷ್ಟೂ ಗೊತ್ತಿಲ್ವಾ?"

ಪುರೋಹಿತರೆಂದರೆ ನನ್ನ ಗಂಡ. ಊರೂರು ತಿರುಗಿ ಮದುವೆ, ಮುಂಜಿ, ಗೃಹಪ್ರವೇಶ ಮಾಡಿಸುವವರು. ನಾನು ಅವರ ಕಡೆ ನೋಡಿದೆ. ಶ್ರೀನಿವಾಸಪುರದ ಮದುವೆಗೆ ಹೊರಟಿದ್ದ ಅವರು ಚೀಲ ಹೆಗಲಿಗೇರಿಸಿಕೊಂಡು, "ಶಾಸ್ತ್ರ ಅಮ್ಮ ಹೇಳಿದ ಹಾಗೇ ಇದೆ," ಎಂದು ಚಪ್ಪಲಿ ಮೆಟ್ಟಿದರು. ತಾಯಿಗೂ ಹೆಂಡತಿಗೂ ನಡುವೆ ಮಾತು ಬಂದಾಗ ಆ ಮನುಷ್ಯನಿಗೆ ಯಾವಾಗಲೂ ಬಸ್ಸಿಗೆ ಹೊತ್ತಾಗಿರುತ್ತದೆ.

ಹೀಗೆ ನನ್ನ ಸುಳ್ಳೇ ನನ್ನ ಕೈ ಕಟ್ಟಿಹಾಕಿತು. ಆದರೆ ಅತ್ತೆ ಚಾಪೆ ಕೆಳಗೆ ನುಸುಳಿದರೆ ನಾನು ರಂಗೋಲಿ ಕೆಳಗೆ ನುಸುಳುವವಳು. ಒಂದು ಉದ್ದನೆಯ ಇಕ್ಕಳ ತಂದೆ. ಅತ್ತೆ ಮಧ್ಯಾಹ್ನ ಮಲಗಿದ ಮೇಲೆ ಅದರಿಂದ ಹವಳಗಳನ್ನು ಅತ್ತಿಂದಿತ್ತ ಎತ್ತಿಡುತ್ತಿದ್ದೆ. ಕೇಳಿದರೆ ಮುಟ್ಟಿದ್ದು ಇಕ್ಕಳ, ನಾನಲ್ಲ ಎನ್ನುವ ವಾದವನ್ನೂ ಸಿದ್ಧಮಾಡಿಕೊಂಡಿದ್ದೆ. ನಾಲ್ಕನೆಯ ದಿನ ಇಕ್ಕಳ ಕಾಣೆಯಾಯಿತು. ಹುಡುಕಿದರೆ ಒಲೆಯ ಪಕ್ಕದಲ್ಲಿತ್ತು. ಅತ್ತೆ ಅದರಲ್ಲಿ ಹಪ್ಪಳ ಸುಡುತ್ತಿದ್ದರು. "ಒಳ್ಳೇ ಉದ್ದ ಇದೆ ಕಣೇ, ಕೈಗೆ ಬಿಸಿ ತಾಕಲ್ಲ," ಎಂದರು. ನನ್ನ ಮುಖ ನೋಡಲೇ ಇಲ್ಲ.

ಹೊಟ್ಟೆ ಉರಿಸಿದ ಸಂಗತಿ ಬೇರೆ. ನಾನು ಕೈ ಹಾಕುವುದು ನಿಂತ ಮೇಲೆ ಹವಳಗಳು ಅರಳತೊಡಗಿದವು. ದಿನಕ್ಕೆ ಹತ್ತು ಸಲ ಕಲ್ಲು ತಿರುಗಿಸಿ, ಧೂಳು ಊದಿ, ಇಲ್ಲಿ ಬೆಳಕು ಸಾಲದು ಅಲ್ಲಿ ಜಾಸ್ತಿ ಎಂದು ನಾನು ಎತ್ತಿಡುತ್ತಿದ್ದಾಗ ಮುದುಡಿಕೊಂಡೇ ಇದ್ದವು, ಈಗ ಮೈತುಂಬಿಕೊಂಡು ತೂಗತೊಡಗಿದವು. ಹದಿನೈದು ದಿನಕ್ಕೊಮ್ಮೆ ಒಂದಿಷ್ಟು ನೀರು ಬದಲಿಸಬೇಕೆಂದು ಡಾಕ್ಟರು ಹೇಳಿದ್ದರು. ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ ಅದಕ್ಕೆ ಸರಿಹೊಂದಿತು. ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ, ಬಿಳಿ ಚುಕ್ಕೆ ನೋಡಿ ಹವಳ ಸಾಕಿದವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ಅತ್ತೆಗೂ ಅದು ಹಿಡಿಸಿತು. ಪೂಜೆ ಆದ ಮೇಲೆ ಕುರ್ಚಿ ಹಾಕಿಸಿಕೊಂಡು ತೊಟ್ಟಿಯೆದುರು ಕೂರುತ್ತಿದ್ದರು. ಪುಟ್ಟ ಪುಟ್ಟ ಕೈಗಳನ್ನು ಒಂದೇ ಸಮನೆ ಮುಚ್ಚಿ ತೆರೆಯುವ ಹವಳವೊಂದಿದೆ. ಅದಕ್ಕೆ ಅವರು ಜಪದವಳು ಎಂದು ಹೆಸರಿಟ್ಟರು. ನಾಯಿಕೊಡೆಯಂತೆ ದಪ್ಪಗೆ ಬೆಳೆಯುವ ಇನ್ನೊಂದು, ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ನಾಲ್ಕು ದಿನ ಮುಖ ಮುಚ್ಚಿಕೊಂಡು, ಮೈಮೇಲಿನ ತೆಳು ಪೊರೆ ಕಳಚಿ, ಮತ್ತೆ ಅರಳುತ್ತದೆ. ಮೊದಲ ಸಲ ಅದು ಹಾಗೆ ಮುಚ್ಚಿಕೊಂಡಾಗ ಸತ್ತೇ ಹೋಯಿತೆಂದು ನಾನು ಊಟ ಬಿಟ್ಟೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಹೊರಗೆ ಕೂತಿದಾಳೆ ಅಷ್ಟೆ. ನಾಲ್ಕು ದಿನ ಬಿಡು, ಸ್ನಾನ ಮಾಡಿ ಒಳಗೆ ಬರ್ತಾಳೆ," ಎಂದರು. ಐದನೆಯ ದಿನ ಅದು ಅರಳಿತು. ಇಪ್ಪತ್ತು ವರ್ಷದ ನನ್ನ ವಿಜ್ಞಾನ ಅಂದು ತಲೆ ತಗ್ಗಿಸಿತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ. ಒಂದು ಅಮಾವಾಸ್ಯೆಯ ಹಿಂದಿನ ದಿನ ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಯಾವತ್ತೂ ಹಾಗೆ ಕೂರಿಸಿಕೊಂಡವರಲ್ಲ.

"ನಾಳೆ ನೀರು ತೆಗೀತೀಯಲ್ಲ, ಅದನ್ನ ಚೆಲ್ಲಬೇಡ. ಒಂದು ಬಕೆಟ್ ನನಗೆ ಕೊಡು. ಸಮುದ್ರಸ್ನಾನ ಮಾಡ್ಬೇಕು."

"ಯಾಕತ್ತೆ ಇದ್ದಕ್ಕಿದ್ದ ಹಾಗೆ?"

"ಇದ್ದಕ್ಕಿದ್ದ ಹಾಗೆ ಏನಲ್ಲ. ನಿನ್ನ ಗಂಡ ಮೂರು ವರ್ಷದ ಮಗು. ಇಪ್ಪತ್ತೊಂದು ದಿನ ಜ್ವರ, ಕಣ್ಣೇ ಬಿಡ್ಲಿಲ್ಲ. ಎದ್ದು ಓಡಾಡಿದ್ರೆ ಅಮಾವಾಸ್ಯೆ, ಹುಣ್ಣಿಮೆ ಅಂತ ಮೂರು ಪರ್ವ ಸಮುದ್ರಸ್ನಾನ ಮಾಡಿ ಮುಡಿಪು ಒಪ್ಪಿಸ್ತೀನಿ ಅಂತ ಹರಕೆ ಹೊತ್ತೆ. ಅವನು ಎದ್ದ, ಓಡಾಡ್ದ, ಈಗ ನಿಲ್ಲೋದೇ ಇಲ್ಲ. ನಾನೇ ಹೋಗ್ಲಿಲ್ಲ. ನಿಮ್ಮ ಮಾವ ಮುಂದಿನ ವರ್ಷ ಮುಂದಿನ ವರ್ಷ ಅಂತಿದ್ರು. ಆಮೇಲೆ ಅವರೂ ಇಲ್ಲ, ಮಂಡಿಯೂ ಇಲ್ಲ. ದಿನಾ ದೇವರ ಮುಂದೆ ನಿಂತಾಗ ಮಾತು ಕೊಟ್ಟು ತಪ್ಪಿದವಳು ಅನ್ನಿಸತ್ತೆ ಕಣೇ. ನೀನು ಸಮುದ್ರಾನೇ ಮನೆಗೆ ತಂದೆ."

ಊರಿನವರ ಹರಕೆಗಳನ್ನೆಲ್ಲ ಮುಂದೆ ನಿಂತು ತೀರಿಸಿಕೊಡುವ ನನ್ನ ಗಂಡ, ತಮ್ಮ ಜೀವಕ್ಕೆ ಹೊತ್ತ ಹರಕೆಯನ್ನು ನಲವತ್ತು ವರ್ಷ ಬಾಕಿ ಉಳಿಸಿದ್ದರು. ಅವರನ್ನು ಬೈಯಲು ಬಾಯಿ ತೆರೆದೆ. ಬೈಯುವ ಯೋಗ್ಯತೆ ನನಗೂ ಇಲ್ಲವೆಂದು ನೆನಪಾಗಿ ಮುಚ್ಚಿದೆ. "ಅತ್ತೆ, ಅದು ಪುಡಿ ಕಲಸಿದ ನೀರು" ಎಂದು ಆ ಕ್ಷಣದಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಅವರ ಮುಖ ಅಷ್ಟು ಹಗುರವಾಗಿತ್ತು.

ತೊಟ್ಟಿಯಿಂದ ತೆಗೆದ ನೀರನ್ನು ಕೊಡುವಂತಿರಲಿಲ್ಲ. ಅದರಲ್ಲಿ ಡಾಕ್ಟರು ಹೇಳಿದ ವಿಷದ ಗುಂಡಿಗಳಿದ್ದವು. ಮುದುಕಿಯ ಕಣ್ಣಿಗೆ ಏನಾದರೂ ಆದರೆ ನಾನು ಎಲ್ಲಿಗೆ ಹೋಗಲಿ? ಹಾಗಾಗಿ ಹೊಸದಾಗಿ ಕಲಸಿದ, ಹವಳದ ಮುಖವನ್ನೇ ಕಾಣದ ನೀರನ್ನು ಬಕೆಟ್ಟಿಗೆ ಸುರಿದು ಬಚ್ಚಲಿನಲ್ಲಿಟ್ಟೆ. ಒಂದು ಸುಳ್ಳನ್ನು ಕಾಪಾಡಲು ಇನ್ನೊಂದು. ಅತ್ತೆ ಒಳಗೆ ಸಂಕಲ್ಪ ಹೇಳಿಕೊಂಡು ಚೊಂಬಿನಿಂದ ತಲೆಗೆ ಸುರಿದುಕೊಳ್ಳುವುದು ಹೊರಗೆ ನನಗೆ ಕೇಳಿಸುತ್ತಿತ್ತು. ಹೊರಬಂದವರು ತುಟಿ ಚಪ್ಪರಿಸಿ, "ಉಪ್ಪು ಅಂದ್ರೆ ಉಪ್ಪು," ಎಂದು ಸಂತೋಷಪಟ್ಟರು.

ಎರಡನೆಯ ಸ್ನಾನ ಹುಣ್ಣಿಮೆಗೆ ಆಯಿತು, ಮೂರನೆಯದು ಅದರ ಮುಂದಿನ ಅಮಾವಾಸ್ಯೆಗೆ. ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹರಡಿ, ಎದುರುಮನೆಯವರು ಒಂದು ಚೊಂಬು ಸಿಗುತ್ತದೆಯೇ ಎಂದು ಕೇಳಿಕೊಂಡು ಬಂದರು. ಸಮುದ್ರ ಖಾಲಿಯಾಗಿದೆ ಎಂದು ಹೇಳಿ ಕಳಿಸಿದೆ. ಭೂಮಿಯ ಮೇಲೆ ಆ ಮಾತು ಹೇಳಿದವರು ಬೇರೆ ಯಾರೂ ಇರಲಾರರು.

ಮೂರನೆಯ ಸ್ನಾನದ ದಿನ ಒದ್ದೆ ಕೂದಲನ್ನು ಗಂಟು ಕಟ್ಟಿಕೊಂಡು ಅತ್ತೆ ದೇವರ ಮನೆಯಿಂದ ಅರಿಸಿನ ಬಟ್ಟೆಯ ಒಂದು ಗಂಟು ತಂದರು. ಅದೇ ಮುಡಿಪು. ಸಣ್ಣ ಗಂಟು, ಬಟ್ಟೆ ಹಳತಾಗಿ ಮಾಸಿತ್ತು. ತೊಟ್ಟಿಯ ಮುಚ್ಚಳವನ್ನು ತಾವೇ ಸರಿಸಿ, ಗಂಟು ಬಿಚ್ಚಿದರು. ಒಳಗಿಂದ ಅಗಲವಾದ ತಾಮ್ರದ ಕಾಸೊಂದು ಅಂಗೈಗೆ ಬಿತ್ತು.

ತಾಮ್ರವೆಂದರೆ ಹವಳಕ್ಕೆ ಮೃತ್ಯು. ಮೀನು ಹೇಗೋ ತಡೆದುಕೊಂಡಾವು, ಹವಳ ಉಳಿಯುವುದಿಲ್ಲ. ಆ ಹಳೆಯ ಕಾಸು ತಳಕ್ಕೆ ಬಿದ್ದು ಮರಳಿನಲ್ಲಿ ಹುದುಗಿದರೆ ಜಪದವಳಿಂದ ಹಿಡಿದು ಎಲ್ಲವೂ ಒಂದೊಂದಾಗಿ ಕರಗಿಹೋಗುತ್ತವೆ. ನಾನು ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ.

"ಅತ್ತೆ, ಬೇಡ. ತಾಮ್ರ ಸೋಕಿದ್ರೆ ಇವೆಲ್ಲ ಸತ್ತುಹೋಗ್ತವೆ."

"ಏನು ಮಾತಾಡ್ತೀಯೇ? ಎಷ್ಟು ಜನ ಸಮುದ್ರಕ್ಕೆ ತಾಮ್ರದ ಕಾಸು ಹಾಕ್ತಾರೆ. ಅಲ್ಲಿ ಸಾಯದೆ ಇರೋವು ಇಲ್ಲಿ ಯಾಕೆ ಸಾಯ್ತವೆ?"

"ಅದು ದೊಡ್ಡ ಸಮುದ್ರ, ಅತ್ತೆ."

"ಸಮುದ್ರದಲ್ಲಿ ದೊಡ್ಡದು ಚಿಕ್ಕದು ಅಂತ ಇದೆಯಾ? ಇದು ಸಮುದ್ರ ತಾನೆ?"

ಅವರ ಕೈ ನೀರಿನ ಮೇಲೆಯೇ ಇತ್ತು. ಹವಳ ಉಳಿಯಬೇಕಾದರೆ ಹರಕೆ ಹೋಗಬೇಕು. ಹರಕೆ ಉಳಿಯಬೇಕಾದರೆ ಹವಳ ಹೋಗಬೇಕು. ಯೋಚಿಸಿ ಹೇಳಿದೆ ಎಂದರೆ ಅದೂ ಸುಳ್ಳಾಗುತ್ತದೆ.

"ಅಲ್ಲ, ಅತ್ತೆ. ಇದು ಸಮುದ್ರ ಅಲ್ಲ. ಬೀದಿ ಕೊನೆಯ ಕ್ಯಾನ್ ನೀರು. ಉಪ್ಪಿನ ಪುಡಿ ನಾನೇ ಕಲಸಿದ್ದು."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಕಾಸನ್ನು ಮತ್ತೆ ಬಟ್ಟೆಯಲ್ಲಿಟ್ಟು ಗಂಟು ಹಾಕಿದರು. ಗಂಟು ಸರಿಯಾಗಿ ಬೀಳಲು ಬಹಳ ಹೊತ್ತು ಹಿಡಿಯಿತು.

"ಹಾಗಾದ್ರೆ ಮೂರು ಸಲ ನನ್ನನ್ನ ಉಪ್ಪಿನಕಾಯಿ ಹಾಕ್ದೆ."

ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುವಂಥ ಮಾತು. ಅಂದು ಯಾರೂ ನಗಲಿಲ್ಲ. ನನಗೆ ನಾಚಿಕೆಯಾಯಿತು, ಅಳುವೂ ಬಂತು.

ಸಂಜೆ ಮನೆಗೆ ಬಂದ ನನ್ನ ಗಂಡ ವಿಷಯ ತಿಳಿದು ಸಮಾಧಾನ ಹೇಳಲು ಹೋದರು. "ಅಮ್ಮ, ನಾನು ದಿನಾ ಬೋರ್‌ವೆಲ್ ನೀರಿನ ಕಲಶಕ್ಕೆ ಗಂಗೆ, ಗೋದಾವರಿ, ಕಾವೇರಿ ಎಲ್ಲರನ್ನೂ ಕರೀತೀನಿ. ಅವರು ಬರಲ್ವಾ? ಹಾಗೇ ಇದೂ ಅನ್ಕೋ."

"ಕರೆದ್ರೆ ಬರ್ತಾರೆ," ಎಂದರು ಅತ್ತೆ. "ಇವಳು ಕರೀಲಿಲ್ಲ ಕಣೋ. ಬಂದಿದಾಳೆ ಅಂದ್ಲು."

ಇಷ್ಟೊಂದು ಶಾಸ್ತ್ರ ಓದಿದವರು ಚೀಲ ತೆಗೆದು ನಾಳೆಯ ಪೂಜೆಗೆ ದರ್ಭೆ ಎಣಿಸತೊಡಗಿದರು. ನನಗಂತೂ ಆ ಮಾತು ಎದೆಗೇ ನಾಟಿತು.

ಆಮೇಲೆ ಹತ್ತು ದಿನ ಅತ್ತೆ ನನ್ನೊಡನೆ ಮಾತು ಬಿಟ್ಟರು. ಹೇಳಬೇಕಾದ್ದನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. "ಸಾರು ಆರಿಹೋಗ್ತಿದೆ, ತಿನ್ನೋರು ತಿನ್ನಬಹುದು." "ಸ್ಕೂಲಿಗೆ ಹೋಗೋರು ಛತ್ರಿ ತಗೊಂಡ್ರೆ ಒಳ್ಳೇದು." ತೊಟ್ಟಿಯ ಕಡೆ ಕುರ್ಚಿ ತಿರುಗಿಸುವುದನ್ನೇ ನಿಲ್ಲಿಸಿದರು. ಈಗ ನಾನು ಯಾವ ದಿನ ಬೇಕಾದರೂ ನೀರಿಗೆ ಕೈ ಹಾಕಬಹುದಿತ್ತು, ತಡೆಯುವವರಿರಲಿಲ್ಲ. ಒಂದು ಸಲವೂ ಹಾಕಲಿಲ್ಲ.

ಹನ್ನೊಂದನೆಯ ದಿನ ನಾನೂ ಗೋಡೆಗೇ ಹೇಳಿದೆ. "ಭಾನುವಾರ ಹುಣ್ಣಿಮೆ. ಚೆನ್ನೈಗೆ ಕಾರು ಹೇಳಿದೀನಿ. ಬರೋರು ಬರಬಹುದು."

ಗೋಡೆ, "ಮಂಡಿಗೆ ಎಣ್ಣೆ ತಗೊಂಡು ಹೋಗೋದು ಮರೀಬಾರದು," ಎಂದಿತು.

ಪುರೋಹಿತರು ಬರಲಿಲ್ಲ. ಹುಣ್ಣಿಮೆಯೆಂದರೆ ಅವರಿಗೆ ಸತ್ಯನಾರಾಯಣ ಪೂಜೆಗಳ ಸುಗ್ಗಿ. ನಂಗಲಿಯ ಡ್ರೈವರೊಬ್ಬರ ಕಾರಿನಲ್ಲಿ ಬೆಳಗಿನ ಜಾವಕ್ಕೆ ನಾವಿಬ್ಬರೇ ಹೊರಟೆವು. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಪಲಮನೇರು ದಾಟಿದರೂ ಅತ್ತೆ ಕಣ್ಣು ಮುಚ್ಚಲಿಲ್ಲ. "ಪೆದ್ದಮ್ಮಾ, ಇಂಕಾ ದೂರಂ ಉಂದಿ, ಪಡುಕೋಂಡಿ," ಎಂದು ಡ್ರೈವರು ತೆಲುಗಿನಲ್ಲಿ ಹೇಳಿದರು. ಇನ್ನೂ ದೂರವಿದೆ, ಮಲಗಿ ಎಂದು. "ನಲಭೈ ಏಳ್ಳು ಪಡುಕುನೇ ಉನ್ನಾ, ನಾಯನಾ," ಎಂದರು ಅತ್ತೆ. ನಲವತ್ತು ವರ್ಷ ಮಲಗಿಯೇ ಇದ್ದೆನಪ್ಪಾ ಎಂದು.

ಸಮುದ್ರ ಕಂಡಾಗ ಅವರು ಕೋಲೂರಿ ನಿಂತು ಎಡದಿಂದ ಬಲಕ್ಕೆ ಪೂರ್ತಿ ನೋಡಿದರು.

"ಎಲ್ಲೇ ನಿನ್ನ ಹೂಗಳು?"

"ಅವು ಇಲ್ಲಿರಲ್ಲ, ಅತ್ತೆ. ಬೇರೆ ಕಡೆ, ಆಳದಲ್ಲಿ ಇರ್ತವೆ."

"ಬಣ್ಣಾನೂ ಇಲ್ಲ. ಬರೀ ರಾಡಿ. ನಮ್ಮನೇದೇ ಲಕ್ಷಣವಾಗಿತ್ತು," ಎಂದರು. ಹದಿನೈದು ದಿನದ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತುಗಳು ಅವು.

ಡ್ರೈವರೂ ನಾನೂ ಕುರ್ಚಿಯನ್ನು ಅಲೆ ಬಂದು ತಾಕುವಲ್ಲಿಗೆ ಒಯ್ದು ಅವರನ್ನು ಕೂರಿಸಿದೆವು. ಹೋಳೂರಿನ ಯಾರದೋ ಮನೆಯ ಪೂಜೆಯ ನಡುವಿನಿಂದ ನನ್ನ ಗಂಡ ಫೋನಿನಲ್ಲಿ ಸಂಕಲ್ಪ ಹೇಳಿಸತೊಡಗಿದರು. ಅಲೆಯ ಸದ್ದಿನಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಅತ್ತೆ, "ನೀನು ಅವರ ಸಪಾದಭಕ್ಷ್ಯ ನೋಡ್ಕೋ, ಇಲ್ಲಿ ನಾನು ನೋಡ್ಕೋತೀನಿ," ಎಂದು ಫೋನು ಇಡಿಸಿ ತಾವೇ ಹೇಳಿಕೊಂಡರು. ಮೊದಲ ಅಲೆ ಮಂಡಿಯವರೆಗೆ ಬಂತು. ಎರಡನೆಯದು ಸೊಂಟದವರೆಗೆ. ಮೂರನೆಯದು ಕುರ್ಚಿ, ಅತ್ತೆ, ಅವರನ್ನು ಹಿಡಿದಿದ್ದ ನಾನು, ಎಲ್ಲರನ್ನೂ ಒಟ್ಟಿಗೆ ಉರುಳಿಸಿತು. ಮರಳಲ್ಲಿ ಕಾಲು ಚಾಚಿ ಕೂತು, ಬಾಯಿಗೆ ಬಂದ ನೀರು ಉಗುಳಿ, ಅವರು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಹರಕೆ ಮೂರು ಪರ್ವದ್ದಲ್ಲವೇ ಎಂದು ಕೇಳಿದೆ. ಮೂರು ಅಲೆ ಬಂತಲ್ಲ, ದೇವರಿಗೂ ನನ್ನ ಮಂಡಿ ಗೊತ್ತು ಎಂದರು. ಆಮೇಲೆ ಮುಡಿಪಿನ ಗಂಟು ಬಿಚ್ಚಿ, ಬಟ್ಟೆಯ ಸಮೇತ ಕಾಸನ್ನು ಎಸೆದರು. ಮುಂದಿನ ಅಲೆ ಬಟ್ಟೆಯನ್ನು ತಂದು ಅವರ ಕಾಲ ಬಳಿ ಹಾಕಿತು. ಅದನ್ನು ಕೊಡವಿ, ತಿರುಗಿಸಿ ನೋಡಿ, ಒಳಗೆ ಕಾಸಿಲ್ಲವೆಂದು ಖಾತ್ರಿ ಮಾಡಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದೆವು. ಅತ್ತೆ ಕೈಕಾಲು ತೊಳೆದು ನೇರವಾಗಿ ತೊಟ್ಟಿಯೆದುರು ಬಂದು, ತಮ್ಮ ಬಟ್ಟೆಯ ಚೀಲದಿಂದ ಒಂದು ಬಾಟಲಿ ತೆಗೆದರು. ಪ್ಲಾಸ್ಟಿಕ್ ಬಾಟಲಿ. ಮದುವೆ ಮನೆಗಳಲ್ಲಿ ಇಂಥ ಬಾಟಲಿಯ ನೀರು ಮುಟ್ಟದೆ ಬಾಯಾರಿಕೊಂಡೇ ವಾಪಸ್ಸು ಬರುವವರು ಅವರು. ಕುಡಿಯುವ ನೀರಿಗೆಂದು ಅವರು ಎಲ್ಲಿಗೂ ಬಿಡದೆ ಒಯ್ಯುವ ತಾಮ್ರದ ಚೊಂಬು ಅದೇ ಚೀಲದಲ್ಲಿ ಖಾಲಿಯಾಗಿ ಬಿದ್ದಿತ್ತು. ಬಾಟಲಿಯ ತುಂಬ ಕಂದು ನೀರು, ತಳದಲ್ಲಿ ಒಂದಿಷ್ಟು ಮರಳು.

"ಇದನ್ನ ಅದರೊಳಗೆ ಹಾಕು."

ದೊಡ್ಡ ಊರಿನ ದಡದ ನೀರಿನಲ್ಲಿ ಏನೇನಿರುತ್ತದೆ ಎಂದು ವಿಜ್ಞಾನದ ಮೇಡಂಗೆ ಯಾರೂ ಹೇಳಿಕೊಡಬೇಕಿಲ್ಲ. "ಅತ್ತೆ, ಈ ನೀರು..." ಎಂದು ಶುರುಮಾಡಿದೆ.

"ಗೊತ್ತು ಬಿಡೇ. ಚೊಂಬಲ್ಲೇ ತರೋಣ ಅಂತಿದ್ದೆ. ತಾಮ್ರ ಸೋಕಿದ್ರೆ ಅವು ಸಾಯ್ತವೆ ಅಂದ್ಯಲ್ಲ, ಅದಕ್ಕೇ ಡ್ರೈವರ್ ಹತ್ರ ಈ ದರಿದ್ರ ಬಾಟಲಿ ಈಸ್ಕೊಂಡೆ. ಹಾಕು. ಮನೆ ಸೊಸೆ ಆಡಿದ ಮಾತು ಸುಳ್ಳಾಗೋದು ಬೇಡ."

ನಾನು ಮುಚ್ಚಳ ಸರಿಸಿದೆ. ಅವರ ತೋಳು ಅಷ್ಟೆತ್ತರಕ್ಕೆ ಏಳಲಿಲ್ಲ. ಬಾಟಲಿ ಹಿಡಿದಿದ್ದ ಆ ಕೈಯನ್ನು ಕೆಳಗಿನಿಂದ ಎತ್ತಿ ಹಿಡಿದೆ, ನೀರೆಲ್ಲ ಮುಗಿಯುವವರೆಗೂ.